ರಾತ್ರಿ ಮಾತ್ರ ಹಚ್ಚಿಕೊಳ್ಳುವ ಕ್ರೀಮು

ಚಂದಾಪುರದ ನಮ್ಮ ರೂಮಿನಲ್ಲಿ ರಾತ್ರಿ ಯಾವಾಗ ಆಗಬೇಕು ಎಂಬುದನ್ನು ಸೂರ್ಯ ತೀರ್ಮಾನ ಮಾಡುತ್ತಿರಲಿಲ್ಲ, ಕಂಪನಿ ಮಾಡುತ್ತಿತ್ತು. ಮೊದಲನೇ ಪಾಳಿಯ ವಾರ ಊರಿಗೆಲ್ಲ ರಾತ್ರಿಯಾದಾಗ ನಮಗೂ ಆಗುತ್ತಿತ್ತು. ಮೂರನೇ ಪಾಳಿಯ ವಾರ ಮಾತ್ರ ಲೆಕ್ಕ ಬೇರೆ. ಬೆಳಗ್ಗೆ ಕಂಪನಿ ಬಸ್ಸು ಸರ್ಕಲ್ಲಿನಲ್ಲಿ ಇಳಿಸುತ್ತಿತ್ತು. ಇಡ್ಲಿ ಕಟ್ಟಿಸಿಕೊಂಡು ಮೆಟ್ಟಿಲು ಹತ್ತಿ, ತಿಂದು, ಕಿಟಕಿಗೆ ಹಳೇ ಬೆಡ್‌ಶೀಟು ಸಿಕ್ಕಿಸಿದೆವು ಎಂದರೆ ಅದೇ ನಮ್ಮ ರಾತ್ರಿ. ಕೆಳಗೆ ಓನರ್ ಅಜ್ಜಿ ಬಾಗಿಲಿಗೆ ನೀರು ಹಾಕುತ್ತಾ, "ಎಲ್ಲಾರೂ ಏಳೋ ಒತ್ನಾಗೆ ಮನಿಕ್ಕಂತವೆ, ಗೂಬೆಗಳು" ಎಂದು ಗೊಣಗುತ್ತಿದ್ದಳು. ಒಂದು ಕಾಲಕ್ಕೆ ಅವಳು ರಾಗಿ ಬೆಳೆಯುತ್ತಿದ್ದ ಹೊಲದಲ್ಲೇ ಈಗ ನಮ್ಮ ರೂಮುಗಳು ಎದ್ದಿದ್ದವು, ಹಾಗಾಗಿ ಬೈಯುವ ಹಕ್ಕು ಅವಳಿಗಿತ್ತು.

ರೂಮಿನಲ್ಲಿ ನಾವು ನಾಲ್ವರು. ನಾನು ಕೋಲಾರದ ಕಡೆಯವಳು, ವಯಸ್ಸಿನಲ್ಲಿ ಎಲ್ಲರಿಗಿಂತ ದೊಡ್ಡವಳು, ಗಂಡನ ಮನೆ ಸಾಕಾಗಿ ಹೊರಟುಬಂದವಳು. ಬಾಯಿ ಜೋರು ಎಂಬ ಹೆಸರನ್ನು ತವರಿನಲ್ಲೂ ಗಂಡನ ಮನೆಯಲ್ಲೂ ಸಮನಾಗಿ ಸಂಪಾದಿಸಿದ್ದೇನೆ. ಉಳಿದ ಮೂವರು ಕೊಪ್ಪಳದ ಕಡೆಯ ಹುಡುಗಿಯರು. ಅವರಲ್ಲಿ ಎಲ್ಲರಿಗಿಂತ ಚಿಕ್ಕವಳ ಮುಖದ ಕಥೆ ಇದು. ಆ ಮುಖವನ್ನು ನಾನು ರೂಮಿನಲ್ಲೂ ನೋಡುತ್ತಿದ್ದೆ, ಕೆಲಸದಲ್ಲೂ ನೋಡುತ್ತಿದ್ದೆ, ಕೆಲಸದಲ್ಲಿ ನೋಡುವುದಕ್ಕೆ ನನಗೆ ಸಂಬಳ ಬೇರೆ ಬರುತ್ತಿತ್ತು.

ಅದು ಹೇಗೆ ಎಂದರೆ, ನಮ್ಮ ಕಂಪನಿಯಲ್ಲಿ ತಯಾರಾಗುವುದು ಉಗುರಿಗಿಂತ ಚಿಕ್ಕ ಎಲೆಕ್ಟ್ರಾನಿಕ್ ಸಾಮಾನು. ಅದನ್ನು ಜೋಡಿಸುವ ದೊಡ್ಡ ಹಾಲಿಗೆ ಕ್ಲೀನ್ ರೂಮ್ ಅನ್ನುತ್ತಾರೆ. ಅಲ್ಲಿ ಒಂದು ಕಣ ಧೂಳು ಬಿದ್ದರೂ ಟ್ರೇಗೆ ಟ್ರೇಯೇ ದಂಡ. ಅದಕ್ಕೇ ಒಳಗೆ ಹೋಗುವ ಹುಡುಗಿಯರು ತಲೆಯಿಂದ ಕಾಲಿನವರೆಗೆ ಬಿಳಿ ಉಡುಪು ಹಾಕಿ, ಮಾಸ್ಕ್ ಕಟ್ಟಿ, ಕಣ್ಣು ಮಾತ್ರ ಬಿಟ್ಟುಕೊಂಡು ಹೋಗಬೇಕು. ಉಡುಪು ಹಾಕುವ ಮುಂಚೆ ಬಾಗಿಲಲ್ಲಿ ಅವರನ್ನು ಪರೀಕ್ಷೆ ಮಾಡುವವಳು ನಾನು. ಹೂವು ಮುಡಿದಿದ್ದರೆ ತೆಗೆಸುವುದು, ಕುಂಕುಮ ಒರೆಸುವುದು, ಉಗುರು ನೋಡುವುದು. ಆಮೇಲೆ ಕಪ್ಪು ಬಟ್ಟೆಯ ತುಂಡೊಂದನ್ನು ಕೆನ್ನೆಯ ಮೇಲೆ ಮೆತ್ತಗೆ ಎಳೆಯುವುದು. ಬಟ್ಟೆಗೆ ಪೌಡರು ಹತ್ತಿದರೆ, ಕ್ರೀಮು ಹತ್ತಿದರೆ, ಮುಖ ತೊಳೆದುಕೊಂಡು ಬಾ ಎಂದು ಕಳಿಸುವುದು. ಚರ್ಮದ ಸಿಪ್ಪೆ ಹತ್ತಿದರೆ ತೊಳೆದರೂ ಪ್ರಯೋಜನವಿಲ್ಲ, ಅವತ್ತಿಗೆ ವಾಪಸ್. ಮುಖ ನೋಡಿ ಮಣೆ ಹಾಕುವುದು ಅನ್ನುತ್ತಾರಲ್ಲ, ನನ್ನ ಉದ್ಯೋಗವೇ ಅದಾಗಿತ್ತು.

ಹೀಗಾಗಿ ನಮ್ಮ ಹುಡುಗಿಯರಿಗೆ ಹಗಲು ಹೊತ್ತು ಅಲಂಕಾರವೆಂಬುದೇ ಇರಲಿಲ್ಲ. ಒಳಗಿನ ಏಸಿಗೆ ಮುಖ ಒಣಗುತ್ತಿತ್ತು, ಮಾಸ್ಕಿನ ಬೆವರಿಗೆ ಗದ್ದದ ಮೇಲೆ ಮೊಡವೆ ಏಳುತ್ತಿತ್ತು. ಮುಖ ಅವರದಾಗುತ್ತಿದ್ದದ್ದು ಮಲಗುವ ಮುಂಚಿನ ಆ ಸ್ವಲ್ಪ ಹೊತ್ತು ಮಾತ್ರ. ಆ ಹೊತ್ತಿನಲ್ಲಿ ನಮ್ಮ ರೂಮು ಬ್ಯೂಟಿ ಪಾರ್ಲರ್ ಆಗುತ್ತಿತ್ತು. ಮೊಬೈಲಿನಲ್ಲಿ ಯಾರೋ ಹುಡುಗಿ ಸಾಲಾಗಿ ಬಾಟಲಿ ಇಟ್ಟುಕೊಂಡು ಮೊದಲು ಇದು, ಆಮೇಲೆ ಅದು ಎಂದು ಹೇಳಿಕೊಡುತ್ತಿದ್ದಳು. ಆ ಬಾಟಲಿಗಳು ನಮ್ಮವರ ಕೈಗೆ ಎಟುಕುವಂಥವಲ್ಲ. ಅದಕ್ಕೆ ಟೋನರ್ ಬದಲು ಅಕ್ಕಿ ತೊಳೆದ ನೀರು, ಸೀರಮ್ ಬದಲು ಗ್ಲಿಸರಿನ್ನಿಗೆ ಬೆರೆಸಿದ ರೋಸ್ ವಾಟರ್, ಫೇಸ್ ಪ್ಯಾಕ್ ಬದಲು ಕಡಲೆಹಿಟ್ಟು ಮೊಸರು. "ಸಾರು ಉಳಿದಿದೆ, ಅದನ್ನೂ ಹಚ್ಕೊಂಡ್ಬಿಡ್ರೇ" ಎಂದು ನಾನು ರೇಗಿಸುತ್ತಿದ್ದೆ. ಅವರು ನಗುತ್ತಾ ನನ್ನ ಮೂಗಿಗೂ ಒಂದಿಷ್ಟು ಕಡಲೆಹಿಟ್ಟು ಬಳಿಯುತ್ತಿದ್ದರು. ಸುಳ್ಳು ಯಾಕೆ ಹೇಳಲಿ, ನನಗೂ ಅದು ಇಷ್ಟವಾಗುತ್ತಿತ್ತು.

ಚಿಕ್ಕವಳಿಗೆ ಮೊಡವೆ ಎಲ್ಲರಿಗಿಂತ ಜಾಸ್ತಿ. ವಿಡಿಯೋ ಕಾಲ್‌ನಲ್ಲಿ ಅವಳ ಅತ್ತಿಗೆ ಪ್ರತಿ ಸಲ, "ಏನ್ ಮಾರಿ ಮಾಡ್ಕೊಂಡೀ, ಬೆಂಗಳೂರಾಗ ನಿನಗ ಊಟ ಹಾಕೂದಿಲ್ಲೇನು" ಎಂದು ಕೇಳುತ್ತಿದ್ದಳು. ಹುಡುಗಿ ಫೋನು ಮೇಲೆತ್ತಿ ಬರೀ ಹಣೆ ಕಾಣುವ ಹಾಗೆ ಹಿಡಿದು ಮಾತಾಡುತ್ತಿದ್ದಳು. ಕಂಪನಿಯಲ್ಲಿ ಸಾಮಾನು ಜೋಡಿಸುವ ಯಾವುದೋ ಲೈನಿನ ಹುಡುಗಿಯೊಬ್ಬಳು ಅವಳಿಗೆ ಒಂದು ಟ್ಯೂಬಿನ ಹೆಸರು ಹೇಳಿಕೊಟ್ಟಳು. ಸರ್ಕಲ್ಲಿನ ಮೆಡಿಕಲ್ ಅಂಗಡಿಯವನು ಡಾಕ್ಟರ ಚೀಟಿ ಕೇಳಲಿಲ್ಲ, ಏನು ತೊಂದರೆ ಎಂದೂ ಕೇಳಲಿಲ್ಲ. "ಇದು ರಾತ್ರಿ ಮಾತ್ರ ಹಚ್ಬೇಕು, ಮಲಗೋ ಮುಂಚೆ" ಎಂದಷ್ಟೇ ಹೇಳಿ ಕೊಟ್ಟ. ಬೆಲೆ ಅಡುಗೆಮನೆಯ ಸಾಮಾನಿಗಿಂತ ತುಸು ಜಾಸ್ತಿ, ಮೊಬೈಲಿನ ಬಾಟಲಿಗಳಿಗಿಂತ ಎಷ್ಟೋ ಕಮ್ಮಿ. ಅವಳಿಗೆ ಸರಿಹೋಯಿತು.

ಕೆಲವೇ ದಿನಗಳಲ್ಲಿ ಮುಖ ಹೊಳೆಯತೊಡಗಿತು. ಮೊಡವೆ ಮಾಯ, ಕಲೆ ಮಾಯ, ಬಣ್ಣವೂ ಒಂದು ಪಾಲು ತಿಳಿಯಾಯಿತು. ಫೋನು ಹಣೆಯಿಂದ ಕೆಳಗಿಳಿದು ಇಡೀ ಮುಖ ತೋರಿಸತೊಡಗಿತು. ಅತ್ತಿಗೆ ಸುಮ್ಮನಾದಳು. ಬಾಗಿಲಲ್ಲಿ ಕಪ್ಪು ಬಟ್ಟೆ ಎಳೆಯುವಾಗ ನಾನೇ, "ಏನೇ ಇದು, ಮಗುವಿನ ಕೆನ್ನೆ ಆಗಿದೆಯಲ್ಲೇ" ಎಂದು ಹೊಗಳಿದ್ದೆ. ಅವಳು ನಾಚಿಕೊಂಡು ಮಾಸ್ಕ್ ಕಟ್ಟಿಕೊಂಡಿದ್ದಳು.

ಮೂರನೇ ಪಾಳಿಯ ವಾರ ಬಂತು. ಮಲಗುವ ಮುಂಚೆ ಹಚ್ಚಬೇಕು ಎಂದಿದ್ದನಲ್ಲ, ಹಚ್ಚಿಕೊಂಡಳು. ಆದರೆ ನಾವು ಮಲಗುತ್ತಿದ್ದದ್ದು ಹಗಲಿನಲ್ಲಿ. ನಮ್ಮ ಬೀದಿಗೆ ನೀರು ಬಿಡುತ್ತಿದ್ದದ್ದು ಮಧ್ಯಾಹ್ನಕ್ಕೆ ಮುಂಚೆ. ನೀರು ಬಂತೆಂದರೆ ಅರ್ಧ ನಿದ್ದೆಯಲ್ಲಿ ಎದ್ದು, ಬಕೆಟ್ಟು ತುಂಬಿ, ಟೆರೇಸಿನಲ್ಲಿ ಕೂತು ಬಟ್ಟೆ ಒಗೆದು, ಹರವಿ, ಮತ್ತೆ ಬಂದು ಬಿದ್ದುಕೊಳ್ಳುವುದು. ಕ್ರೀಮು ಬಳಿದ ಮುಖದಲ್ಲೇ ಅವಳು ಆ ಬಿಸಿಲಿನಲ್ಲಿ ಕೂತಿರುತ್ತಿದ್ದಳು. ವಾರ ಮುಗಿಯುವ ಹೊತ್ತಿಗೆ ಮುಖ ಒಲೆ ಮುಂದೆ ಕೂತವಳ ಹಾಗೆ ಕೆಂಪಾಗಿತ್ತು. ಕೆನ್ನೆ ಉರಿ, ಮೂಗಿನ ಪಕ್ಕ ಬೊಕ್ಕೆ. ಕಡಿಮೆಯಾಗಲಿ ಎಂದು ಅವಳು ಇನ್ನಷ್ಟು ಹಚ್ಚಿದಳು.

"ಎಷ್ಟು ಸಲ ಹಚ್ತಿದ್ದೀಯೇ?" ಎಂದು ನಾನು ಕೇಳಿದೆ.

"ರಾತ್ರಿ ಅಷ್ಟ ಅಕ್ಕಾ. ಅಂವ ಹೇಳಿದಂಗ, ಮಕ್ಕೊಳ್ಳೂ ಮುಂದ."

ನಾವು ಮಲಗುವುದು ಸೂರ್ಯ ಹುಟ್ಟಿದ ಮೇಲೆ ಎಂಬುದು ಅವಳಿಗೂ ಹೊಳೆದಿರಲಿಲ್ಲ, ನನಗೂ ಹೊಳೆದಿರಲಿಲ್ಲ. ಪಾಳಿಯಲ್ಲಿ ದುಡಿಯುವವರಿಗೆ ಹಗಲು ರಾತ್ರಿ ಉಲ್ಟಾ ಆಗುವುದು ಎಷ್ಟು ಅಭ್ಯಾಸವಾಗಿರುತ್ತದೆ ಎಂದರೆ, ಉಲ್ಟಾ ಆಗಿದೆ ಎಂಬುದೇ ಮರೆತುಹೋಗಿರುತ್ತದೆ. ಅಜ್ಜಿ ಮೆಟ್ಟಿಲ ಹತ್ತಿರ ಅವಳನ್ನು ನೋಡಿ, "ಅಯ್ಯೋ ಸಿವನೇ, ಈ ಮಕ ಯಾಕವ್ವಾ ಇಂಗಾಯ್ತು, ದೃಷ್ಟಿಯಾಗೈತೆ" ಎಂದು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಮೆಣಸಿನಕಾಯಿಯ ಘಾಟಿಗೆ ಹುಡುಗಿಯ ಮುಖ ಇನ್ನೂ ಉರಿಯಿತು.

ರಜೆಯ ದಿನ ಅವಳನ್ನು ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಚರ್ಮದ ಡಾಕ್ಟರು ಹೆಂಗಸು, ಸುಸ್ತಾಗಿದ್ದರು. ಟ್ಯೂಬು ನೋಡಿದ ತಕ್ಷಣ ಕಣ್ಣು ಮುಚ್ಚಿಕೊಂಡರು. "ದಿನಾ ಬರ್ತಾರಮ್ಮ ಇದನ್ನ ಹಿಡ್ಕೊಂಡು" ಎಂದರು. ಬೆಳಗ್ಗೆ ಹಚ್ಚಿ ಬಿಸಿಲಿಗೆ ಹೋದದ್ದು ಒಂದು ತಪ್ಪಾದರೆ, ಹಚ್ಚಿದ್ದೇ ಅದಕ್ಕಿಂತ ದೊಡ್ಡ ತಪ್ಪಂತೆ. ಅದರಲ್ಲಿ ಸ್ಟೀರಾಯ್ಡ್ ಇದೆ, ಅದು ಕಾಯಿಲೆಗೆ ಡಾಕ್ಟರು ಲೆಕ್ಕ ಹಾಕಿ ಕೊಡುವ ಔಷಧಿ, ಬಣ್ಣ ಬರಲಿ ಎಂದು ತಿಂಗಳುಗಟ್ಟಲೆ ಬಳಿದುಕೊಂಡರೆ ಚರ್ಮ ತೆಳ್ಳಗಾಗುತ್ತಾ ಹೋಗುತ್ತದೆ ಎಂದು ತಿಳಿಸಿ ಹೇಳಿದರು.

"ನಿಲ್ಲಿಸ್ಬೇಕು. ನಿಲ್ಲಿಸಿದ ಮೇಲೆ ಮುಖ ಇನ್ನೂ ಕೆಂಪಾಗತ್ತೆ, ಉರಿಯತ್ತೆ, ಸಿಪ್ಪೆ ಏಳತ್ತೆ. ಹೆದ್ರಿಕೊಂಡು ಮತ್ತೆ ಹಚ್ಬಾರ್ದು. ಹಚ್ಚಿದ್ರೆ ತಕ್ಷಣ ಸರಿಹೋಗತ್ತೆ, ಅದೇ ಅದರ ಮೋಸ. ಇನ್ನು ಮೇಲೆ ಉಗುರುಬೆಚ್ಚಗಿನ ನೀರಲ್ಲಿ ತೊಳ್ಕೊ, ಉಜ್ಬೇಡ. ಒದ್ದೆ ಇರುವಾಗ್ಲೇ ಪೆಟ್ರೋಲಿಯಂ ಜೆಲ್ಲಿ ತೆಳ್ಳಗೆ ಸವರ್ಕೊ. ಬಿಸಿಲಿಗೆ ಹೋಗ್ಬೇಡ. ಅಷ್ಟೇ, ಬೇರೆ ಏನೂ ಬೇಡ."

"ಎಷ್ಟು ದಿನಕ್ಕೆ ವಾಸಿಯಾಗತ್ತೆ ಮೇಡಂ?" ಎಂದು ನಾನು ಕೇಳಿದೆ.

"ತಿಂಗಳುಗಳೇ ಆಗ್ಬಹುದು. ತಾಳ್ಮೆ ಬೇಕು."

ತಾಳ್ಮೆ ನಮ್ಮಲ್ಲಿ ಬೇಕಾದಷ್ಟಿತ್ತು. ರೂಮಿಗೆ ಬಂದವಳೇ ಟ್ಯೂಬನ್ನು ಕಸದ ಬುಟ್ಟಿಗೆ ಹಾಕಿದೆ. ಕಡಲೆಹಿಟ್ಟು, ಅಕ್ಕಿ ನೀರು, ಗ್ಲಿಸರಿನ್ ಎಲ್ಲ ಬಂದ್. ಇಷ್ಟು ಅಗ್ಗದ ರಾತ್ರಿ ಆರೈಕೆ ಮೊಬೈಲಿನ ಹುಡುಗಿಗೂ ಗೊತ್ತಿರಲಾರದು: ನೀರು, ಒಂದು ಪುಟ್ಟ ಡಬ್ಬಿ ಜೆಲ್ಲಿ, ಒತ್ತಿಕೊಳ್ಳಲು ನನ್ನ ಹಳೇ ಕಾಟನ್ ಸೀರೆಯ ತುಂಡು. ಕಿಟಕಿಗೆ ಇನ್ನೊಂದು ಬೆಡ್‌ಶೀಟು ಸೇರಿಸಿದೆವು. ಅವಳ ಬಟ್ಟೆಯನ್ನು ನಾನೇ ಒಗೆದು ಹರವುತ್ತಿದ್ದೆ. ಉರಿ ತಡೆಯಲಾಗದೆ ಅತ್ತರೆ ಕಣ್ಣೀರು ಹರಿದು ಇನ್ನಷ್ಟು ಉರಿಯುತ್ತಿತ್ತು. "ಅಳಾಕೂ ಬರೂದಿಲ್ಲಲ್ಲಕ್ಕಾ" ಎಂದು ಅವಳು ಒಂದು ಸಲ ನಗುತ್ತಾ ಅಂದಳು. ಒದ್ದೆ ಬಟ್ಟೆಯನ್ನು ಅವಳ ಕೆನ್ನೆಗೆ ಹಿಡಿದು ನಾನು ಪಕ್ಕದಲ್ಲಿ ಕೂತಿರುತ್ತಿದ್ದೆ. ಬಟ್ಟೆ ಬಿಸಿಯಾದರೆ ಮತ್ತೆ ನೀರಿಗೆ ಅದ್ದಿ ಹಿಡಿಯುತ್ತಿದ್ದೆ.

ಡಾಕ್ಟರು ಹೇಳಿದ ಹಾಗೆಯೇ ಸಿಪ್ಪೆ ಏಳತೊಡಗಿತು. ಡಾಕ್ಟರಿಗೆ ಅದು ವಾಸಿಯಾಗುವ ದಾರಿ. ನನ್ನ ಬಾಗಿಲಿಗೆ ಅದು ಧೂಳು.

ಮೊದಲ ಸಲ ಅವಳು ಸಾಲಿನಲ್ಲಿ ಬಂದು ನನ್ನೆದುರು ನಿಂತಾಗ ಬಟ್ಟೆ ಎಳೆಯುವ ಮುಂಚೆಯೇ ನನಗೆ ಗೊತ್ತಿತ್ತು. ಮೂಗಿನ ಎರಡೂ ಕಡೆ ಚರ್ಮ ಸುಣ್ಣ ಕಿತ್ತ ಗೋಡೆಯ ಹಾಗೆ ಎದ್ದಿತ್ತು. ಎಳೆದೆ. ಕಪ್ಪು ಬಟ್ಟೆಯ ಮೇಲೆ ಬಿಳಿ ಚೂರುಗಳು. ಮೇಲೆ ಕ್ಯಾಮೆರಾ ಇತ್ತು. ಅದು ಇರದಿದ್ದರೆ ಬಿಟ್ಟುಬಿಡುತ್ತಿದ್ದೆನೇ ಎಂದರೆ, ಅದೂ ಇಲ್ಲ. ಒಂದು ಚೂರು ಬಿದ್ದರೆ ಒಳಗೆ ಏನಾಗುತ್ತದೆ, ಯಾರ ಯಾರ ದಿನದ ದುಡಿಮೆ ಹಾಳಾಗುತ್ತದೆ ಎಂದು ನನಗೆ ಗೊತ್ತಿತ್ತು. ನಿಯಮ ಮಾಡಿದವರನ್ನು ಬೈಯೋಣವೆಂದರೆ ನಿಯಮದಲ್ಲಿ ತಪ್ಪಿರಲಿಲ್ಲ. ಡಾಕ್ಟರದ್ದೂ ತಪ್ಪಿರಲಿಲ್ಲ. ಇಬ್ಬರೂ ಸರಿ, ಮಧ್ಯೆ ಈ ಹುಡುಗಿಯ ಮುಖ.

"ಇವತ್ತು ಬೇಡ, ಹೋಗಮ್ಮ" ಎಂದೆ. ಅವಳು ಲಾಕರಿನ ಕಡೆ ಹೋದಳು. ಬಸ್ಸು ಇರುತ್ತಿದ್ದದ್ದು ಪಾಳಿ ಮುಗಿದ ಮೇಲೆ ಮಾತ್ರ. ಸಂಬಳವಿಲ್ಲದೆ ಇಡೀ ಪಾಳಿ ಬೆಂಚಿನ ಮೇಲೆ ಕೂತಿದ್ದಳು.

ಆ ವಾರದಲ್ಲೇ ಇನ್ನೊಂದು ಸಲ ವಾಪಸ್ ಕಳಿಸಬೇಕಾಯಿತು. ಅವತ್ತು ನಾನು ಸೂಪರ್‌ವೈಸರ್ ಹತ್ತಿರ ಹೋದೆ. ಚಿಕ್ಕ ವಯಸ್ಸಿನವನು, ಕೆಟ್ಟವನಲ್ಲ. ಮುಖ ವಾಸಿಯಾಗುವವರೆಗೆ ಅವಳನ್ನು ಪ್ಯಾಕಿಂಗಿಗೆ ಹಾಕಿ, ಅಲ್ಲಿ ಧೂಳಿನ ತಕರಾರಿಲ್ಲ ಎಂದೆ.

"ನನ್ ಕೈಲಿಲ್ಲ ಅಕ್ಕ. ಪ್ಯಾಕಿಂಗು ಬೇರೆ ಕಾಂಟ್ರಾಕ್ಟರ್‌ದು. ಅವ್ರ ಹುಡ್ಗೀರೇ ಕಾಯ್ತಾ ಕೂತಿದಾರೆ."

"ರಜಾನಾದ್ರೂ ಕೊಡಿ."

"ಕಾಂಟ್ರಾಕ್ಟಲ್ಲಿ ಅಷ್ಟು ಉದ್ದ ರಜಾ ಎಲ್ಲಿದೆ ಅಕ್ಕ, ನಿಮಗ್ ಗೊತ್ತಿಲ್ವಾ? ಇನ್ನೊಂದ್ಸಲ ಡೋರಿಂದ ವಾಪಸ್ ಬಂದ್ರೆ ಹೆಸರು ತೆಗೀತಾರೆ. ನೀವೇ ಸ್ವಲ್ಪ ನೋಡ್ಕೊಂಡು..." ಎಂದವನು ಅರ್ಧಕ್ಕೆ ನಿಲ್ಲಿಸಿದ. ಏನು ನೋಡಿಕೊಂಡು ಏನು ಮಾಡಬೇಕೆಂದು ಅವನಿಗೂ ಗೊತ್ತಿರಲಿಲ್ಲ. ಅವನೂ ಕಾಂಟ್ರಾಕ್ಟಿನವನೇ.

ಸಿಟ್ಟು ಎಲ್ಲಾದರೂ ಇಳಿಯಬೇಕಲ್ಲ. ಸರ್ಕಲ್ಲಿನಲ್ಲಿ ಇಳಿದವಳೇ ಮೆಡಿಕಲ್ ಅಂಗಡಿಗೆ ನುಗ್ಗಿದೆ. "ಹೆಣ್ಮಕ್ಕಳ ಮುಖಕ್ಕೆ ಏನ್ರೀ ಕೊಡ್ತಿದೀರಾ? ನಿಮ್ಮನೇಲಿ ಹೆಣ್ಮಕ್ಕಳಿಲ್ವಾ?" ಎಂದು ಬೀದಿಗೆಲ್ಲ ಕೇಳುವ ಹಾಗೆ ಕೂಗಿದೆ. ಅವನು ಬೇರೆಯವರಿಗೆ ಚಿಲ್ಲರೆ ಕೊಡುತ್ತಲೇ, "ನಾನ್ ಕೊಡ್ಲಿಲ್ಲಾಂದ್ರೆ ಪಕ್ಕದಂಗಡೀಲಿ ಕೊಡ್ತಾರೆ ಮೇಡಂ. ಕೇಳ್ಕೊಂಡ್ ಬರೋರು ಅವ್ರೇ ತಾನೇ" ಎಂದ. ಪಕ್ಕದಲ್ಲೂ ಅಂಗಡಿಯಿತ್ತು, ಅದರ ಪಕ್ಕದಲ್ಲೂ ಇತ್ತು. ಮೂರು ಕಡೆ ಜಗಳವಾಡುವಷ್ಟು ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ.

ರೂಮಿನಲ್ಲಿ ಅವಳ ಪಕ್ಕ ಕೂತು, "ಊರಿಗೆ ಹೋಗಿ ವಾಸಿ ಮಾಡ್ಕೊಂಡು ಬಾರೇ. ನೆರಳಲ್ಲಿರು, ಜೆಲ್ಲಿ ಹಚ್ಕೊ, ಆಮೇಲೆ ಇನ್ಯಾವ್ದಾದ್ರೂ ಕಂಪನಿ ನೋಡೋಣ" ಎಂದೆ.

"ಊರಿಗೆ ಹೋದ್ರ ಹೊಳ್ಳಿ ಕಳಸೂದಿಲ್ಲಕ್ಕಾ" ಎಂದಳು ಹುಡುಗಿ. "ಅಣ್ಣ ಕೆಲಸಕ್ಕಂತ ಬಿಟ್ಟಾನ, ಕೆಲಸ ಹೋತಂದ್ರ ಮುಗೀತು. ಅತ್ತಿಗಿ ತಮ್ಮ ಅದಾನಲ್ಲ, ಹೋದ ವರ್ಷಾನ ಕೇಳ್ಯಾರ. ನಾ ಒಲ್ಲೆ ಅಂತ ಇಲ್ಲಿ ಬಂದಕಿ."

ಅದನ್ನು ಅವಳು ಅದುವರೆಗೆ ನನಗೆ ಹೇಳಿರಲಿಲ್ಲ. ಗಂಡನ ಮನೆ ಬಿಟ್ಟು ಬಂದ ನನಗೆ ಬುದ್ಧಿ ಹೇಳಲು ಬಾಯಿ ಎಲ್ಲಿಂದ ಬರಬೇಕು? ಅವಳು ಮುಖಕ್ಕಾಗಿ ಊರಿಗೆ ಹೋದರೆ ಜೀವನ ಹೋಗುತ್ತದೆ, ಜೀವನಕ್ಕಾಗಿ ಇಲ್ಲಿದ್ದರೆ ಮುಖ ಹೋಗುತ್ತದೆ. ಬಾಯಲ್ಲಿ ಬಿಸಿತುಪ್ಪ, ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ.

ಮಾರನೆಯ ದಿನ ಅವಳು ನನ್ನೆದುರಿಗೇ ಬ್ಯಾಗಿನಿಂದ ಹೊಸ ಟ್ಯೂಬು ತೆಗೆದಳು. ಕದ್ದುಮುಚ್ಚಿ ಹಚ್ಚಿದ್ದರೆ ಬೈದು ಕಿತ್ತೆಸೆಯುತ್ತಿದ್ದೆ. ಅವಳು ನನ್ನನ್ನು ನೋಡಿ, "ಬೈಬ್ಯಾಡಕ್ಕಾ. ನಾಳೆ ನೀ ನನ್ನ ಹೊಳ್ಳಿ ಕಳಸಬಾರದು, ಅದಕ್ಕ" ಎಂದಳು. ಗೋಡೆಯ ಕಡೆ ತಿರುಗಿ ಮಲಗಿಕೊಂಡೆ. ಬೆನ್ನ ಹಿಂದೆ ಅವಳು ಕನ್ನಡಿ ತೆಗೆದುಕೊಂಡದ್ದು, ಉರಿಗೆ ಸ್ ಎಂದದ್ದು ಕೇಳಿಸುತ್ತಿತ್ತು.

ಡಾಕ್ಟರು ಹೇಳಿದ್ದು ನಿಜ, ತಕ್ಷಣ ಸರಿಹೋಯಿತು. ಬಾಗಿಲಲ್ಲಿ ಬಟ್ಟೆ ಎಳೆದೆ, ಒಂದು ಚೂರೂ ಹತ್ತಲಿಲ್ಲ. ಚರ್ಮ ಎಷ್ಟು ನುಣುಪಾಗಿತ್ತೆಂದರೆ ಬಟ್ಟೆ ಜಾರಿಹೋಗುತ್ತಿತ್ತು. ಹತ್ತಿರದಿಂದ ನೋಡಿದರೆ ಕೆನ್ನೆಯೊಳಗೆ ಕೂದಲೆಳೆಯಂಥ ಕೆಂಪು ನರಗಳು ಕಾಣುತ್ತಿದ್ದವು. ನರ ಕಂಡರೆ ವಾಪಸ್ ಕಳಿಸಬೇಕೆಂಬ ನಿಯಮವಿಲ್ಲ. "ಹೋಗು" ಎಂದೆ. ಸೂಪರ್‌ವೈಸರ್ ದೂರದಿಂದ ಹೆಬ್ಬೆರಳೆತ್ತಿ ತೋರಿಸಿದ. ಅವನಿಗೆ ನಿಜವಾಗಿಯೂ ಖುಷಿಯಾಗಿತ್ತು.

ಅವಳು ಈಗಲೂ ನಮ್ಮ ರೂಮಿನಲ್ಲೇ ಇದ್ದಾಳೆ, ಈಗಲೂ ಅದೇ ಲೈನಿನಲ್ಲಿದ್ದಾಳೆ. ಒಲೆಯ ಹತ್ತಿರ ನಿಲ್ಲಲಾಗುವುದಿಲ್ಲ, ಅಡುಗೆಯ ಸರದಿ ನಾವು ಮೂವರೇ ಹಂಚಿಕೊಂಡಿದ್ದೇವೆ. ರಜೆಯ ಹಿಂದಿನ ದಿನ ಕ್ರೀಮು ಬಿಟ್ಟು ನೋಡುತ್ತಾಳೆ. ಮುಖ ಕೆಂಪಾಗಿ ಸಿಪ್ಪೆ ಏಳುತ್ತದೆ. ರಜೆ ಮುಗಿಯುವ ಮುಂಚೆ ಮತ್ತೆ ಹಚ್ಚುತ್ತಾಳೆ. ಈಗ ಹಗಲಿನಲ್ಲಿ ಬಿಸಿಲಿಗೆ ಹೋಗುವುದಿಲ್ಲ, ಅಷ್ಟು ಮಾತ್ರ ನಾವು ಸರಿಮಾಡಿಕೊಂಡದ್ದು.

ಮೊನ್ನೆ ನಮ್ಮ ಲೈನಿಗೆ ಇಬ್ಬರು ಹೊಸ ಹುಡುಗಿಯರು ಬಂದರು, ಅವರೂ ಕೊಪ್ಪಳದ ಕಡೆಯವರೇ. ಇಬ್ಬರ ಗದ್ದದ ಮೇಲೂ ಮಾಸ್ಕಿನ ಮೊಡವೆ ಆಗಲೇ ಎದ್ದಿತ್ತು. ವಾಪಸ್ ಬರುವಾಗ ಬಸ್ಸಿನಲ್ಲಿ ನಮ್ಮ ಮುಂದಿನ ಸೀಟಿನಿಂದ ಹಿಂದಕ್ಕೆ ತಿರುಗಿ ನಮ್ಮ ಚಿಕ್ಕವಳ ಮುಖವನ್ನೇ ನೋಡುತ್ತಿದ್ದರು. ಕೊನೆಗೆ ಒಬ್ಬಳು ಧೈರ್ಯ ಮಾಡಿ, "ಅಕ್ಕಾರ, ಮಾರಿ ಎಷ್ಟು ಚಂದ ಐತ್ರಿ ನಿಮ್ದು. ಮಕ್ಕೊಳ್ಳೂ ಮುಂದ ಏನ್ ಹಚ್ಕೊಂತೀರಿ?" ಎಂದು ಕೇಳಿದಳು.

ಅವಳು ನನ್ನ ಕಡೆ ನೋಡಲಿಲ್ಲ. "ಬರೇ ಬೆಚ್ಚನ ನೀರು, ಮ್ಯಾಲೆ ಜೆಲ್ಲಿ" ಎಂದಳು. "ಬ್ಯಾರೆ ಏನೂ ಇಲ್ಲ. ನೀವೂ ಅಷ್ಟ ಹಚ್ಕೊರಿ. ಏನೂ ತರಬ್ಯಾಡ್ರಿ."

"ಹೌದು ಕಣ್ರೇ, ಅಷ್ಟೇ" ಎಂದು ನಾನೂ ದನಿ ಸೇರಿಸಿದೆ. ನನ್ನ ಜೀವಮಾನದಲ್ಲಿ ಅಷ್ಟು ಮೆತ್ತಗೆ ಯಾರನ್ನೂ ಬೇಡಿಕೊಂಡಿರಲಿಲ್ಲ.

ಹಿತ್ತಲ ಗಿಡ ಮದ್ದಲ್ಲ ಅಂತ ಸುಮ್ಮನೆ ಹೇಳುತ್ತಾರೆಯೇ? ಹುಡುಗಿಯರು ಒಬ್ಬರನ್ನೊಬ್ಬರು ನೋಡಿ ನಕ್ಕರು. "ಹೇಳಾಕ ಮನಸಿಲ್ಲಂದ್ರ ಬಿಡ್ರಿ ಅಕ್ಕಾರ" ಎಂದು ಒಬ್ಬಳು ಬೇಸರವಿಲ್ಲದೆಯೇ ಅಂದಳು, "ನಾವು ಮೆಡಿಕಲ್ ಅಂಗಡ್ಯಾಗ ಕೇಳ್ತೀವಿ." ಬಸ್ಸು ಸರ್ಕಲ್ಲಿನಲ್ಲಿ ನಿಂತಿತು, ಅವರಿಬ್ಬರೂ ನಮಗಿಂತ ಮೊದಲು ಇಳಿದರು.